ಬೆಟ್ಟದ ಮರೆಯ ಕೂಗು

ಕೊಡಗಿನ ಕಣಿವೆಯ ಮನೆಗಳಲ್ಲಿ ಮೊಬೈಲಿನ ಬ್ಯಾಟರಿ ಬೇಗ ಬರಿದಾಗುವುದೇಕೆ? ಮನೆಯಲ್ಲೇ ಮಾಡಿದ ಪುಟ್ಟ ಸಲಕರಣೆಯೊಂದು ಉತ್ತರ ಹೇಳಬಲ್ಲುದು. 4 ಸೆಂಟಿಮೀಟರಿನ ಎರಡು ತಾಮ್ರದ ತಂತಿಗಳ ನಡುವೆ ಶಾಟ್ಕಿ ಡಯೋಡನ್ನು ಬೆಸೆದು, ಅದರ ಇಬ್ಬದಿಗೆ ಮೈಕ್ರೊಆಂಪಿಯರ್ ತೋರುವ ಮುಳ್ಳಿನ ಮಾಪಕವನ್ನು ಜೋಡಿಸಿದರಾಯಿತು. 1800 ಮೆಗಾಹರ್ಟ್ಸಿನ ಅಲೆಯ ಉದ್ದದಲ್ಲಿ ತಂತಿ ಸುಮಾರು ಕಾಲುಭಾಗ. ಅಲೆಯ ಓಲಾಟವನ್ನು ಡಯೋಡು ಒಮ್ಮುಖ ಪ್ರವಾಹವಾಗಿಸುತ್ತದೆ. ಜಗದೀಶಚಂದ್ರ ಬೋಸರು ಇಂಥ ಕೆಲಸವನ್ನು ಗೆಲೀನಾ ಹರಳಿನಿಂದ ಮಾಡಿಸಿ, 1904ರಲ್ಲಿ ಅಮೆರಿಕದ ಪೇಟೆಂಟ್ ಪಡೆದಿದ್ದರು.

ದೂರದ ಗೋಪುರದ ಅಲೆ ಈ ಬಡಪಾಯಿ ಮುಳ್ಳಿಗೆ ತಾಕದು; ಕರೆಯಲ್ಲಿರುವ ಫೋನನ್ನೇ ಅಂಗುಲದಷ್ಟು ಸಮೀಪ ಹಿಡಿಯಬೇಕು. ಮಡಿಕೇರಿಯ ಗೋಪುರದ ಬಳಿ ಮುಳ್ಳು ಮಿಸುಕೀತು, ಅಷ್ಟೆ. ಬೆಟ್ಟದ ಮರೆಯ ಕಾಫಿ ತೋಟದಲ್ಲಿ ಜಿಗಿದೀತು. ಸಂಪರ್ಕ ಕ್ಷೀಣವಾದಷ್ಟೂ ಫೋನು ಗಟ್ಟಿಯಾಗಿ ಕೂಗುತ್ತದೆ. ಮಳೆಗಾಲದಲ್ಲಿ ವಿದ್ಯುತ್ತು ಹೋದ ರಾತ್ರಿಗೆಂದು ಒಂದು ಕರೆಯಷ್ಟಾದರೂ ಬ್ಯಾಟರಿ ಉಳಿಸಬಯಸುವವರು, ಮುಳ್ಳು ಕಡಿಮೆ ಓಲುವ ಮೂಲೆಯನ್ನು ಬೇಸಗೆಯಲ್ಲೇ ಗುರುತಿಸಿಕೊಳ್ಳಬಹುದು.