ಬೀಳ್ಕೊಡುವ ಮಕ್ಕಳಿಗೆ ಗುರುವಿನ ಒಂದು ಪುಟ

ಫಾಲ್ಗುಣ ಮಾಸದಲ್ಲಿ ನಾಯಕನಹಟ್ಟಿಯ ಶ್ರೀ ತಿಪ್ಪೇರುದ್ರಸ್ವಾಮಿಗಳ ತೇರು ಸಾಗಿತೆಂದರೆ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಶಾಲೆಗಳಲ್ಲಿ ಬೀಳ್ಕೊಡುಗೆಯ ಕಾಲ ಸಮೀಪಿಸಿತೆಂದೇ ಅರ್ಥ. ಹತ್ತನೆಯ ತರಗತಿಯ ಬಾಲಕರು ಶ್ರೀಮಠದ ಗದ್ದುಗೆಗೆ ಕೈಮುಗಿದು, ಗುರುಗಳ ಪಾದಕ್ಕೆ ಬಾಗಿ, ಪರೀಕ್ಷೆಯ ಪ್ರವೇಶಪತ್ರವನ್ನು ಜೋಪಾನವಾಗಿ ಮಡಿಸಿಕೊಂಡು ಹೊರಡುತ್ತಾರೆ. ಕೆಲವು ವಾರಗಳ ತರುವಾಯ ಫಲಿತಾಂಶ ಹೊರಬೀಳುತ್ತದೆ. 625 ಅಂಕಗಳಲ್ಲಿ ಯಾರಿಗೆಷ್ಟು ಎಂಬ ಪಟ್ಟಿ ಸೂಚನಾ ಫಲಕವನ್ನೇರುತ್ತದೆ. ಮೊದಲ ಮೂವರ ಭಾವಚಿತ್ರಗಳು ವಾರ್ಷಿಕ ಸಂಚಿಕೆಯಲ್ಲಿ ಅಚ್ಚಾಗುತ್ತವೆ. ಉಳಿದವರಿಗೆ ದೊರೆಯುವುದು ವರ್ಗಾವಣೆ ಪತ್ರ. ಅದರಲ್ಲಿ ನಡತೆಯ ಕಲಮಿನ ಎದುರಿಗೆ ಎಲ್ಲರಿಗೂ ಸಮನಾಗಿ ಹಂಚಿದ ಒಂದೇ ಮಾತು: 'ತೃಪ್ತಿಕರ'.

ಮೂರು ವರ್ಷ ಒಂದೇ ಪಂಕ್ತಿಯಲ್ಲಿ ಪ್ರಸಾದ ಸ್ವೀಕರಿಸಿ, ಒಂದೇ ಸೂರಿನಡಿ ಮಲಗಿ, ಗುರುಗಳ ಕಣ್ಣೆದುರಿಗೇ ಮೀಸೆ ಮೊಳೆಯುವಷ್ಟು ಬೆಳೆದ ಬಾಲಕನನ್ನು ಕುರಿತು ವಿದ್ಯಾಲಯ ಹೇಳಬಹುದಾದುದು ಇಷ್ಟೆಯೇ? ಸಂತೆಯಲ್ಲಿ ಕೊಂಡ ಕಂಬಳಿಯ ವಿಷಯದಲ್ಲಿ ಕೂಡ ಚಳ್ಳಕೆರೆಯ ವ್ಯಾಪಾರಿ ಇದಕ್ಕಿಂತ ಹೆಚ್ಚು ಮಾತನಾಡುತ್ತಾನೆ. ಆದುದರಿಂದ ಶಾಲೆಯನ್ನು ಬಿಟ್ಟು ಹೋಗುವ ಪ್ರತಿಯೊಬ್ಬ ವಿದ್ಯಾರ್ಥಿಯ ವ್ಯಕ್ತಿಚಿತ್ರವನ್ನು, ಅವನನ್ನು ಬಲ್ಲ ಗುರುವೇ ಹತ್ತು ವಾಕ್ಯಗಳಲ್ಲಿ ಬರೆದು, ಈ ಬಗೆಯ ಸಂಚಿಕೆಗಳಲ್ಲಿ ಅಚ್ಚು ಹಾಕಿಸುವ ಪದ್ಧತಿ ಬರಬೇಕು. ಇದು ಅಲಂಕಾರದ ಮಾತಲ್ಲ, ಗುರುಸ್ಥಾನದ ಋಣದ ಮಾತು.

ಈ ನೆಲಕ್ಕೆ ಬರವಣಿಗೆಯ ಋಣ ಹೊಸದೇನೂ ಅಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳ ಬಂಡೆಗಳ ಮೇಲೆ ಅಶೋಕ ಚಕ್ರವರ್ತಿಯ ಶಾಸನಗಳಿವೆ. 1892ರಲ್ಲಿ ಬಿ. ಎಲ್. ರೈಸ್ ಅವರು ಅವುಗಳನ್ನು ಬೆಳಕಿಗೆ ತಂದರು. ತಂದೆತಾಯಿಗಳ ಸೇವೆ, ಪ್ರಾಣಿದಯೆ, ಸತ್ಯವಚನಗಳೊಡನೆ ಶಿಷ್ಯನು ಆಚಾರ್ಯನನ್ನು ಗೌರವಿಸಬೇಕೆಂಬ ಧರ್ಮವನ್ನೂ ಅಲ್ಲಿ ವಿಧಿಸಿದೆ. ಶಾಸನದ ಕಡೆಯಲ್ಲಿ ಅದನ್ನು ಬರೆದ ಚಪಡನೆಂಬ ಲಿಪಿಕಾರ ತನ್ನ ಹೆಸರನ್ನೂ ಉಳಿಸಿದ್ದಾನೆ. ಲಿಪಿಕಾರ ಎಂಬ ಪದವನ್ನು ಮಾತ್ರ ಖರೋಷ್ಠಿಯಲ್ಲಿ ಬರೆದು ತನ್ನ ಕೈಯ ಗುರುತು ಬಿಟ್ಟಿದ್ದಾನೆ. ಚಕ್ರವರ್ತಿಯ ಆಜ್ಞೆಯ ಪಕ್ಕದಲ್ಲಿ ಒಬ್ಬ ಕಾಯಕಜೀವಿಯ ಹೆಸರಿಗೂ ಬಂಡೆಯಲ್ಲಿ ಎಡೆಯಿದ್ದಿತು. ಶಿಷ್ಯನು ಗುರುವಿಗೆ ಸಲ್ಲಿಸಬೇಕಾದುದನ್ನು ಆ ಕಲ್ಲು ಹೇಳಿತು. ಗುರುವು ಶಿಷ್ಯನಿಗೆ ಸಲ್ಲಿಸಬೇಕಾದುದನ್ನು ಕಾಗದವಾದರೂ ಹೇಳಬೇಡವೇ?

ಶಿಷ್ಯರಂತೂ ತಮ್ಮ ಪಾಲನ್ನು ಸಲ್ಲಿಸಿದ್ದಾರೆ. ಚಳ್ಳಕೆರೆ ತಾಲ್ಲೂಕಿನ ತಳುಕಿನ ಮನೆತನದ ಟಿ. ಎಸ್. ವೆಂಕಣ್ಣಯ್ಯನವರಿಗೆ (1885-1939) ಅವರ ಶಿಷ್ಯರಾದ ಕುವೆಂಪು ಅವರು ತಮ್ಮ 'ಶ್ರೀ ರಾಮಾಯಣ ದರ್ಶನಂ' ಮಹಾಕಾವ್ಯವನ್ನೇ ಅರ್ಪಿಸಿದರು. ಇದೇ ತಾಲ್ಲೂಕಿನ ಬೆಳಗೆರೆಯ ಕೃಷ್ಣಶಾಸ್ತ್ರಿಗಳು ಉಪಾಧ್ಯಾಯ ವೃತ್ತಿಯಲ್ಲಿ ಬಾಳಿದವರು. ಮುಕುಂದೂರು ಸ್ವಾಮಿಗಳ ಚಿತ್ರವನ್ನು 'ಯೇಗ್ದಾಗೆಲ್ಲಾ ಐತೆ' ಎಂಬ ಪುಸ್ತಕದಲ್ಲಿ ಹಳ್ಳಿಯ ನುಡಿಯಲ್ಲಿಯೇ ಬಿಡಿಸಿ, ಕಂಡುದನ್ನು ಕಂಡಂತೆ ಬರೆದರೆ ಸಾಕು, ಮನುಷ್ಯನು ತಾನಾಗಿ ಎದ್ದು ನಿಲ್ಲುತ್ತಾನೆಂಬುದನ್ನು ತೋರಿಸಿಕೊಟ್ಟರು. ಇನ್ನೂ ಹಿಂದಕ್ಕೆ ಹೋದರೆ, ದೊರೆಗಳನ್ನು ಹೊಗಳುವ ದಾರಿಯನ್ನು ತೊರೆದು ಶರಣರ ಚರಿತ್ರೆಗಳನ್ನು ರಗಳೆಗಳಲ್ಲಿ ಹಾಡಿದ ಹರಿಹರನಿದ್ದಾನೆ. ಹಗ್ಗ ಹೊಸೆದ ಚಂದಯ್ಯನನ್ನೂ ಕಟ್ಟಿಗೆ ಹೊತ್ತ ಮಾರಯ್ಯನನ್ನೂ ಅವರವರ ಕಾಯಕದಿಂದಲೇ ನೆನೆಯುವ ಪರಂಪರೆಗೆ ಸೇರಿದ ವಿದ್ಯಾಲಯ, ತನ್ನ ಮಕ್ಕಳನ್ನು ಕೇವಲ ಅಂಕಗಳಿಂದ ನೆನೆಯುವುದು ಉಚಿತವಲ್ಲ.

ಅಂತಹ ಪುಟಗಳಲ್ಲಿ ಏನನ್ನು ಬರೆಯಬಹುದು ಎಂಬುದಕ್ಕೆ ಗುರುವೃಂದದ ಮಾತುಕತೆಯಲ್ಲಿಯೇ ನಿದರ್ಶನಗಳು ಸಿಕ್ಕುತ್ತವೆ.

ಮೊಳಕಾಲ್ಮೂರಿನ ನೇಕಾರರ ಮನೆಯ ಹುಡುಗನೊಬ್ಬ ಗಣಿತದಲ್ಲಿ ಸಾಧಾರಣ, ವಿಜ್ಞಾನದಲ್ಲಿ ಅದಕ್ಕೂ ಕಡಿಮೆ. ಆದರೆ ಛಂದಸ್ಸಿನ ಪಾಠದಲ್ಲಿ ಪದ್ಯಕ್ಕೆ ಪ್ರಸ್ತಾರ ಹಾಕಬೇಕಾದಾಗ ಇಡೀ ತರಗತಿಗಿಂತ ಮೊದಲು ಅವನ ಸೀಸದ ಕಡ್ಡಿ ಕೆಳಗಿಳಿಯುತ್ತಿತ್ತು. ಲಘು ಗುರುಗಳನ್ನು ಅವನು ಹಾಸಿನ ಎಳೆಗಳಂತೆ ಎಣಿಸುತ್ತಿದ್ದ. ಗಣ ತಪ್ಪಿದ ಜಾಗ ಅವನ ಕಣ್ಣಿಗೆ ಕಡಿದ ಎಳೆಯಂತೆ ಕಾಣುತ್ತಿತ್ತು. ಬೆಳಗಿನ ಜಾವ ತಂದೆಯ ಮಗ್ಗದ ಬಳಿ ಕುಳಿತೆದ್ದು ಬರುತ್ತಿದ್ದುದರಿಂದ ಮಧ್ಯಾಹ್ನದ ಅವಧಿಯಲ್ಲಿ ತೂಕಡಿಸುತ್ತಿದ್ದನೆಂಬುದೂ ಅವನ ಚಿತ್ರದಲ್ಲಿ ಇರಬೇಕು. ಮೊಳಕಾಲ್ಮೂರಿನ ರೇಷ್ಮೆ ಸೀರೆಗೆ ಭೌಗೋಳಿಕ ಗುರುತಿನ ಮನ್ನಣೆ ದೊರೆತಿದೆ. ಅದನ್ನು ನೇಯುವ ಮನೆಯ ಮಗುವಿನ ನಿದ್ದೆಗೆಟ್ಟ ಕಣ್ಣಿಗೆ ಮನ್ನಣೆ ಕೊಡಬೇಕಾದವರು ಗುರುಗಳೇ.

ಚಳ್ಳಕೆರೆಯ ಕಡೆಯ ಹಟ್ಟಿಯೊಂದರಿಂದ ಬಂದ ಕುರಿಗಾಹಿಗಳ ಮಗ ಮತ್ತೊಬ್ಬ. ಮಳೆ ಕೈಕೊಟ್ಟ ವರ್ಷಗಳಲ್ಲಿ ಮನೆಯವರು ಮಂದೆ ಹೊಡೆದುಕೊಂಡು ದೂರದ ಸೀಮೆಗೆ ಹೋದಾಗ ಅವನಿಗೆ ಪ್ರಸಾದನಿಲಯವೇ ಮನೆ. ಮಂದೆಯಲ್ಲಿ ಎಣಿಸದೆಯೇ ಯಾವ ಕುರಿ ಇಲ್ಲವೆಂದು ಹೇಳಬಲ್ಲವರ ವಂಶ ಅದು. ರಾತ್ರಿಯ ಪಂಕ್ತಿಯಲ್ಲಿ ಬಡಿಸುತ್ತಾ ನಡೆಯುವಾಗ ಐದನೆಯ ತರಗತಿಯ ಯಾವ ಚಿಕ್ಕವನು ಊರಿನ ನೆನಪಿನಿಂದ ಮುದುಡಿ ಊಟಕ್ಕೆ ಬಾರದೆ ಉಳಿದನೆಂಬುದು ಮೇಲ್ವಿಚಾರಕರಿಗಿಂತ ಮೊದಲು ಅವನಿಗೆ ಗೊತ್ತಾಗುತ್ತಿತ್ತು. ಅವನ ಅಂಕಪಟ್ಟಿಯಲ್ಲಿ ಈ ವಿದ್ಯೆಗೆ ಕಲಮಿಲ್ಲ.

ಮೂರನೆಯವನು ಆಂಧ್ರದ ಗಡಿಯ ಹಳ್ಳಿಯವನು, ಮನೆಯ ಮಾತು ತೆಲುಗು. ಎಂಟನೆಯ ತರಗತಿಯಲ್ಲಿ ಅವನ ಓದು ಕೇಳಿ ಸಹಪಾಠಿಗಳು ನಕ್ಕರು. ಅವನು ಸಿಟ್ಟಿನಿಂದ ಪುಸ್ತಕವನ್ನೇ ಎಸೆದ. ಹತ್ತನೆಯ ತರಗತಿಯ ಬಸವಜಯಂತಿಯಂದು ಸಭೆಯ ಮುಂದೆ ಕನ್ನಡದಲ್ಲಿ ನಿರರ್ಗಳವಾಗಿ ಮಾತನಾಡಿದವನು ಅವನೇ. ಸಿಟ್ಟು ಇನ್ನೂ ಹೋಗಿಲ್ಲ. ಪುಸ್ತಕ ಎಸೆಯುವುದು ಮಾತ್ರ ಹೋಗಿದೆ.

ಇಲ್ಲಿ ಆಕ್ಷೇಪಗಳು ಏಳುವುದು ಸಹಜ. ಪಾಠ, ಪರೀಕ್ಷೆ, ಸರ್ಕಾರದ ನಮೂನೆಗಳ ನಡುವೆ ಉಪಾಧ್ಯಾಯರಿಗೆ ಸಮಯವೆಲ್ಲಿ ಎಂಬುದು ಮೊದಲನೆಯದು. ಒಬ್ಬೊಬ್ಬ ಗುರು ಹತ್ತು ಮಕ್ಕಳ ಭಾರ ಹೊತ್ತು, ವರ್ಷವಿಡೀ ಕಂಡುದನ್ನು ಆಗಾಗ ಗುರುತು ಹಾಕಿಕೊಂಡರೆ ಕಡೆಯಲ್ಲಿ ಶ್ರಮವೆನಿಸದು. ಹತ್ತು ಮಕ್ಕಳ ಬಗ್ಗೆ ಹತ್ತು ಹತ್ತು ವಾಕ್ಯ ಹೊಳೆಯಲಿಲ್ಲವಾದರೆ, ಕೊರತೆ ಸಮಯದ್ದೋ ನೋಟದ್ದೋ ಎಂದು ಅವರವರೇ ಕೇಳಿಕೊಳ್ಳಬೇಕು. ಪಕ್ಷಪಾತ ನುಸುಳೀತೆಂಬುದು ಎರಡನೆಯದು. ಈ ಭಯ ನಿಜವಾದುದು. ಗಿರಣಿಯ ಯಜಮಾನರ ಮಗನಿಗೆ ಇಪ್ಪತ್ತು ವಾಕ್ಯ, ಗಿರಣಿಯಲ್ಲಿ ಮೂಟೆ ಹೊರುವವನ ಮಗನಿಗೆ ನಾಲ್ಕು ಎಂದಾದರೆ ಈ ಪದ್ಧತಿ ಇಲ್ಲದಿರುವುದೇ ಮೇಲು. ಆದುದರಿಂದ ಎಲ್ಲರಿಗೂ ಸಮನಾದ ಸ್ಥಳ ಮೀಸಲಿರಲಿ; ಜಾತಿ, ಅಂಕ, ತಂದೆಯ ಸಿರಿತನ ಇವುಗಳ ಸೊಲ್ಲೂ ಬರದಿರಲಿ; ಒಬ್ಬರು ಬರೆದುದನ್ನು ಇನ್ನೊಬ್ಬರು ಓದಿ ತಿದ್ದಲಿ. ಉದಾರರಾದ ದಾನಿಗಳು ಇದನ್ನು ಸಂತೋಷದಿಂದ ಒಪ್ಪಿಯಾರು. ದಾಸೋಹದ ಪಂಕ್ತಿಯಲ್ಲಿ ಭೇದವಿಲ್ಲದ ಮೇಲೆ ಅಕ್ಷರದ ಪಂಕ್ತಿಯಲ್ಲಿಯೂ ಭೇದವಿರಲಾಗದು. ದೋಷಗಳನ್ನು ಹೇಳಿದರೆ ಮಗುವಿನ ಮನಸ್ಸು ನೊಂದೀತು ಎಂಬುದು ಮೂರನೆಯದು. ಹುಡುಗನ ತಾಯಿ ಎದುರಿಗೆ ಕುಳಿತು ಕೇಳುತ್ತಿದ್ದಾಳೆಂದು ಭಾವಿಸಿ ಬರೆದರೆ ಮಾತು ತಾನಾಗಿ ಹದಕ್ಕೆ ಬರುತ್ತದೆ. ಬರಿಯ ಹೊಗಳಿಕೆಯಾದರೆ ಅದು ಮತ್ತೊಂದು ಬಗೆಯ 'ತೃಪ್ತಿಕರ' ಅಷ್ಟೆ.

ಕಡೆಯದಾಗಿ, ಫಲಿತಾಂಶದ ಪಟ್ಟಿಯಲ್ಲಿಯೂ ಭಾವಚಿತ್ರದಲ್ಲಿಯೂ ಇಲ್ಲದ ಹುಡುಗನೊಬ್ಬನಿರುತ್ತಾನೆ. ರಾಜ್ಯದಲ್ಲಿಯೇ ಅತಿ ಕಡಿಮೆ ಮಳೆ ಕಾಣುವ ಸೀಮೆಗಳಲ್ಲಿ ಇದೂ ಒಂದು. ಶೇಂಗಾ ಒಣಗಿದ ವರ್ಷ ಮನೆಮಂದಿಯೊಡನೆ ಬೆಂಗಳೂರಿಗೆ ಕೂಲಿಗೆ ಹೋದವನು ದಸರಾ ರಜೆಯ ನಂತರ ಮರಳಿ ಬರುವುದಿಲ್ಲ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮೇಲೆ ಕೆಂಪು ಗೆರೆ ಬೀಳುತ್ತದೆ. ಅವನಿಗೂ ಒಂದು ಪುಟ ಸಲ್ಲಬೇಕು. ಅವನು ಹೇಗೆ ನಗುತ್ತಿದ್ದ, ಯಾವ ಪಾಠವನ್ನು ಅರ್ಧಕ್ಕೆ ಬಿಟ್ಟು ಹೋದ, ಅವನ ಹಾಸಿಗೆ ಯಾವ ಕಿಟಕಿಯ ಬಳಿ ಇತ್ತು ಎಂಬುದನ್ನು ಬರೆಯಬೇಕು. ಆ ಪುಟವನ್ನು ಓದಿದ ಹಳೆಯ ವಿದ್ಯಾರ್ಥಿಗಳಲ್ಲಿ ಒಬ್ಬರಾದರೂ ನಗರದಲ್ಲಿ ಅವನನ್ನು ಹುಡುಕಿಕೊಂಡು ಹೋಗಬಹುದು. ಮತ್ತೆ ಪರೀಕ್ಷೆಗೆ ಕಟ್ಟಿಸಬಹುದು.

ತೇರು ವರ್ಷವರ್ಷವೂ ಹೊರಡುತ್ತದೆ. ಹಗ್ಗ ಹಿಡಿದವರೆಲ್ಲರ ಹೆಸರು ತೇರಿಗೆ ಗೊತ್ತಿರುವುದಿಲ್ಲ. ಶಾಲೆಗೆ ಗೊತ್ತಿರಬೇಕು.