ಸಿರಿಗೆ ಧರ್ಮವೊಂದೇ ಕಾರಣವೇ?

ಕೆಲವು ನಾಡುಗಳು ಏಳಿಗೆ ಹೊಂದಿ ಕೆಲವು ಹಿಂದುಳಿಯುವುದೇಕೆ? ಎಲ್ಲ ದೇಶಗಳೂ ಒಂದೇ ಬಗೆಯ ಹಂತಗಳನ್ನು ದಾಟಿ ಮುಂದುವರಿಯುತ್ತವೆ ಎಂದು ರೋಸ್ಟೋವ್ 1960ರಲ್ಲಿ ವಾದಿಸಿದರು. ಬಡ ದೇಶಗಳ ಬಡತನವು ಶ್ರೀಮಂತ ದೇಶಗಳ ಸಿರಿಯ ಇನ್ನೊಂದು ಮುಖವೆಂದು ಗುಂಡರ್ ಫ್ರಾಂಕ್ ಹೇಳಿದರು. ಮ್ಯಾಕ್ಸ್ ವೆಬರ್ ಆರ್ಥಿಕ ಶಿಸ್ತಿನ ಬೇರನ್ನು ಧಾರ್ಮಿಕ ಆಚಾರದಲ್ಲಿ ಅರಸಿದರು. ಜೈನ ವರ್ತಕರ ಪ್ರಾಮಾಣಿಕತೆಯನ್ನೂ ಗಮನಿಸಿದರು. 2024ರಲ್ಲಿ ನೊಬೆಲ್ ಪಡೆದ ಅಸೆಮೊಗ್ಲು, ಜಾನ್ಸನ್, ರಾಬಿನ್ಸನ್ ಅವರ ಪ್ರಕಾರ ನಿರ್ಣಾಯಕವಾದುದು ಸಂಸ್ಥೆಗಳು: ಕಾನೂನು, ಆಡಳಿತ, ಎಲ್ಲರಿಗೂ ತೆರೆದ ಅವಕಾಶ.

ಜೈನ ಸಮಾಜಕ್ಕೆ ವೆಬರರ ಉತ್ತರ ಪ್ರಿಯವಾದುದು. ವ್ರತ, ಮಿತವ್ಯಯ, ಸತ್ಯನಿಷ್ಠೆಗಳೇ ಸಮಾಜದ ಸಿರಿಗೆ ಮೂಲವೆಂಬ ಮಾತು ಪರ್ವದಿನಗಳ ವೇದಿಕೆಗಳಲ್ಲಿ ಕೇಳಿಬರುತ್ತದೆ. ಅದು ಅರ್ಧಸತ್ಯ. ಅದನ್ನು ಪರೀಕ್ಷಿಸಲು ಗೋದಾವರಿ ಕೊಳ್ಳದ ಎರಡು ಜಿಲ್ಲೆಗಳು ಸಾಕು.

ನಾಸಿಕದಲ್ಲಿ ಗಜಪಂಥ, ಮಾಂಗಿತುಂಗಿಗಳಿವೆ. ಛತ್ರಪತಿ ಸಂಭಾಜಿನಗರದಲ್ಲಿ ಎಲ್ಲೋರದ ಜೈನ ಗುಹೆಗಳು, ಕಚನೇರ್ ಕ್ಷೇತ್ರಗಳಿವೆ. ಶ್ರಾವಕರ ವ್ರತಗಳು ಎರಡೂ ಕಡೆ ಒಂದೇ. ಚರಿತ್ರೆ ಮಾತ್ರ ಬೇರೆ. ನಾಸಿಕ 1818ರಲ್ಲಿ ಬ್ರಿಟಿಷರ ವಶವಾಯಿತು. 1860ರ ದಶಕದಲ್ಲೇ ಮುಂಬಯಿಯ ರೈಲುಮಾರ್ಗ ಅದನ್ನು ಹಾದುಹೋಯಿತು. ಔರಂಗಾಬಾದ್ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು. ಅಲ್ಲಿಗೆ ರೈಲು ಬಂದದ್ದು ಸುಮಾರು 1900ರಲ್ಲಿ, ಅದೂ ಮೀಟರ್ ಗೇಜ್. ನೀರಾವರಿ, ರಸ್ತೆ ಮುಂತಾದವುಗಳಲ್ಲಿ ಮರಾಠವಾಡಾಕ್ಕೆ ಉಳಿದ ಬಾಕಿಯನ್ನು 1984ರಲ್ಲಿ ದಾಂಡೇಕರ್ ಸಮಿತಿ ಲೆಕ್ಕಹಾಕಿತು. ಕಲಬುರಗಿ, ಬೀದರ್, ರಾಯಚೂರುಗಳ ಕಥೆಯೂ ಇದೇ. 2002ರ ನಂಜುಂಡಪ್ಪ ವರದಿ, ಬಳಿಕ ಬಂದ 371ಜೆ ವಿಧಿಗಳು ಅದಕ್ಕೆ ಸಾಕ್ಷಿ. ಹಿಂದುಳಿದದ್ದು ನೆಲ, ಅಲ್ಲಿಯ ಜನರ ಶೀಲವಲ್ಲ.

ಆದರೂ ಚರಿತ್ರೆ ಹಣೆಬರಹವಲ್ಲ. 1980ರ ದಶಕದಲ್ಲಿ ವಾಳೂಜ್‌ಗೆ ಬಜಾಜ್ ಕಾರ್ಖಾನೆ ಬಂದ ಮೇಲೆ ಸಂಭಾಜಿನಗರದ ಚಹರೆ ಬದಲಾಯಿತು. ಆದರೆ ಕಾರ್ಖಾನೆಗೂ ಊರಿಗೂ ನೀರು ಬೇಕು. 1976ರಲ್ಲಿ ಉದ್ಘಾಟನೆಗೊಂಡ ಪೈಠಣದ ಜಾಯಕವಾಡಿ ಜಲಾಶಯಕ್ಕೆ ನೀರು ಹರಿಯಬೇಕಾದದ್ದು ಮೇಲಿನ ನಾಸಿಕ, ಅಹಿಲ್ಯಾನಗರಗಳಿಂದ. ಕೊರತೆಯ ವರ್ಷದಲ್ಲಿ ಸಂಕಷ್ಟವನ್ನು ನದಿಕೊಳ್ಳದವರೆಲ್ಲ ಹಂಚಿಕೊಳ್ಳಬೇಕೆಂದು 2005ರ ಕಾಯ್ದೆ ವಿಧಿಸಿತು. ಆ ನ್ಯಾಯ ನೆಲಕ್ಕಿಳಿಯಲು 2014ರಲ್ಲಿ ಜಲಪ್ರಾಧಿಕಾರದ ಆದೇಶ, 2016ರಲ್ಲಿ ಹೈಕೋರ್ಟಿನ ತೀರ್ಪು ಬೇಕಾದವು. ಜಾರಿಗೊಳಿಸುವ ಸಂಸ್ಥೆಯಿಲ್ಲದ ನಿಯಮ ಬರಿಯ ಕಾಗದ.

ಈ ಪಾಠ ಸಮಾಜದ ಒಳಮನೆಗೂ ಅನ್ವಯಿಸುತ್ತದೆ. 2016ರಲ್ಲಿ ಮಾಂಗಿತುಂಗಿಯಲ್ಲಿ ಪ್ರತಿಷ್ಠೆಗೊಂಡ 108 ಅಡಿಯ ಋಷಭದೇವರ ಮೂರ್ತಿ ಜೈನರ ದಾನಶಕ್ತಿಗೆ ಸಾಕ್ಷಿ. ಶಕ್ತಿಯಲ್ಲಿ ಸಂಶಯವಿಲ್ಲ, ಅದು ಹರಿಯುವ ದಿಕ್ಕು, ಅದರ ಲೆಕ್ಕ ಯಾರಿಗೆ ಕಾಣುತ್ತದೆ ಎಂಬುದು ಪ್ರಶ್ನೆ. 1950ರ ಸಾರ್ವಜನಿಕ ನ್ಯಾಸ ಕಾಯ್ದೆಯಂತೆ ಮಹಾರಾಷ್ಟ್ರದ ಟ್ರಸ್ಟುಗಳು ಲೆಕ್ಕಪರಿಶೋಧನೆ ಮಾಡಿಸುತ್ತವೆ. ಆ ವರದಿ ಕಚೇರಿಯ ಕಡತದಲ್ಲಿ ಮಲಗದೆ ಬಸದಿಯ ಫಲಕದ ಮೇಲೆ, ಪ್ರತಿ ಶ್ರಾವಕ ಶ್ರಾವಿಕೆಯ ಕೈಯಲ್ಲಿ ಇರಬೇಕು. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನದಲ್ಲಿ ಕಟ್ಟಡದ ಹೆಸರಿಲ್ಲ. ಮರಾಠವಾಡಾ, ಕಲ್ಯಾಣ ಕರ್ನಾಟಕಗಳ ಶಾಲೆ, ವಿದ್ಯಾರ್ಥಿನಿಲಯ, ಕುಡಿಯುವ ನೀರಿಗೆ ಒಂದು ಪಾಲನ್ನು ಜಾತಿ ನೋಡದೆ ಮೀಸಲಿಟ್ಟರೆ ಅಪರಿಗ್ರಹ ಸಂಸ್ಥೆಯ ರೂಪ ತಾಳುತ್ತದೆ.

ಸಿರಿಯನ್ನು ಪುಣ್ಯವೆಂದು ಕೊಂಡಾಡುವ ಸಮಾಜ, ನೆರೆಯವನ ಬಡತನವನ್ನು ಪಾಪವೆನ್ನಲು ಹೆಚ್ಚು ಕಾಲ ಬೇಕಿಲ್ಲ. ಆ ಹಾದಿ ಜಿನಧರ್ಮದ್ದಲ್ಲ.