ಹುಲ್ಲುಹಾಸಿಗೆ ಭತ್ತದ ಸಹಾಯಧನ
ಟೆಕ್ಸಾಸ್‌ನ ವಾರ್ಟನ್ ಕೌಂಟಿ ಭತ್ತದ ಸೀಮೆ. ಅಲ್ಲಿನ ಎಲ್ ಕ್ಯಾಂಪೋ ಊರಿನ ಸುತ್ತ ಗದ್ದೆಗಳು ಸೈಟುಗಳಾಗಿ, ಮನೆಗಳೆದ್ದು, ಹಿತ್ತಲಲ್ಲಿ ಬರೀ ಹುಲ್ಲು ಬೆಳೆದರೂ ಮನೆಯವರಿಗೆ ಭತ್ತದ ಹೆಸರಲ್ಲಿ ಸರ್ಕಾರಿ ಚೆಕ್ ಬರುತ್ತಿತ್ತು! 1996ರ ಅಮೆರಿಕದ ಕೃಷಿ ಕಾಯ್ದೆ ಹಣವನ್ನು ಈಗಿನ ಬೆಳೆಗಲ್ಲ, ಆ ನೆಲದ ಹಳೆಯ ಬೆಳೆ ದಾಖಲೆಗೆ ಗಂಟು ಹಾಕಿತ್ತು, ಬಿತ್ತಲೇಬೇಕೆಂದೇನೂ ಇರಲಿಲ್ಲ. 2000ದಿಂದೀಚೆಗೆ ಬೇಸಾಯವನ್ನೇ ಮಾಡದವರಿಗೆ ಕನಿಷ್ಠ 130 ಕೋಟಿ ಡಾಲರ್ ಸಂದಿದೆ ಎಂದು 2006ರಲ್ಲಿ ವಾಷಿಂಗ್ಟನ್ ಪೋಸ್ಟ್ ಲೆಕ್ಕ ಬಿಚ್ಚಿಟ್ಟಿತು. ಆದರೂ ಈ ನೇರ ಪಾವತಿಗೆ ಕತ್ತರಿ ಬಿದ್ದದ್ದು 2014ರ ಕಾಯ್ದೆಯಲ್ಲಿ. ಅಷ್ಟು ನಿಧಾನವೇಕೆ ಎಂದು ಕೇಳಬೇಡಿ, ಮತಗಳೂ ಅದೇ ನೆಲದಲ್ಲಿ ಬೆಳೆಯುತ್ತವೆ. ನಾವೇನೂ ನಗುವ ಹಾಗಿಲ್ಲ: ಪಿಎಂ ಕಿಸಾನ್‌ನ ವರ್ಷದ 6,000 ರೂಪಾಯಿ ಹೋಗುವುದು ಪಹಣಿಯಲ್ಲಿ ಹೆಸರಿದ್ದವರಿಗೆ, ಅದೇ ಹೊಲವನ್ನು ಗುತ್ತಿಗೆಗೆ ಉಳುವವನಿಗೆ ಬಿಡಿಗಾಸೂ ಇಲ್ಲ.